ದುಡ್ಡಿನ ಮಾತು ಯಾರೊಡನೆ?

(ಹಿಂಜವಾಡಿಯಲ್ಲಿ ನಮ್ಮ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ದುಡ್ಡಿನ ಮಾತನ್ನಾಡುವುದು ಅಷ್ಟು ಶೋಭೆಯ ಕೆಲಸವಲ್ಲವೆಂಬುದನ್ನು ನಾವು ಬಲ್ಲೆವು. ನಾಡಿನ ಹಿರಿಮೆಯನ್ನೂ ನುಡಿಯ ಸೊಬಗನ್ನೂ ಕುರಿತು ಹೇಳಬಲ್ಲ ಬಲ್ಲಿದರು ನಮಗಿಂತ ಮೊದಲೇ ಮಾತನಾಡಿ ಆ ಕಾರ್ಯವನ್ನು ಸೊಗಸಾಗಿ ನೆರವೇರಿಸಿದ್ದಾರೆ. ನಾವಾದರೋ ಬ್ಯಾಂಕಿನ ಗುಮಾಸ್ತರು, ಓದಿದ್ದು ಬಿ.ಕಾಂ.; ಹುಟ್ಟಿದ್ದು ಅಕ್ಕಲಕೋಟೆಯ ಕಡೆ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ನಮ್ಮಂಥವರು ಸಾಹಿತ್ಯವನ್ನು ಕುರಿತು ಮಾತನಾಡಿದರೆ ಅದು ಪಾಸ್‌ಬುಕ್ಕಿನ ಭಾಷೆಯಲ್ಲಿ ಇದ್ದೀತು. “ನಿಮಗೆ ತಿಳಿದದ್ದನ್ನೇ ಹೇಳಿರಿ” ಎಂದು ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟುದರಿಂದ ಧೈರ್ಯಮಾಡಿ ನಿಂತಿದ್ದೇವೆ. ಹತ್ತು ವರ್ಷಗಳಿಂದ ಕೌಂಟರಿನ ಗಾಜಿನ ಹಿಂದೆ ಕುಳಿತು ನಾವು ಕಂಡ ಒಂದು ಸಂಗತಿಯನ್ನು ತಮ್ಮ ಮುಂದೆ ಇಡುತ್ತೇವೆ. ನಮ್ಮ ಜನ ದುಡ್ಡಿನ ವಿಷಯದಲ್ಲಿ ಯಾರನ್ನು ಕೇಳುತ್ತಾರೆ, ಯಾರನ್ನು ಕೇಳುವುದಿಲ್ಲ ಎಂಬುದೇ ಅದು.

ಹಿಂಜವಾಡಿ ಎಂಬುದು ಒಂದು ಊರಲ್ಲ, ಎರಡು. ಮುಳಶಿ ತಾಲ್ಲೂಕಿನ ಈ ಹೊಲಗದ್ದೆಗಳ ಮೇಲೆ ರಾಜೀವ್ ಗಾಂಧಿ ಇನ್ಫೊಟೆಕ್ ಪಾರ್ಕು ಎದ್ದು, ಮೂರು ಹಂತಗಳಾಗಿ ಮಾಣ ಗ್ರಾಮದವರೆಗೆ ಹಬ್ಬಿದ ಮೇಲೆ, ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಓದಿದ ಮಕ್ಕಳು ಇಲ್ಲಿಗೆ ಬಂದರು. ಅವರು ಕುಳಿತುಕೊಳ್ಳುವ ಕಟ್ಟಡಗಳನ್ನು ಕಟ್ಟಲಿಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಇನ್ನೊಂದು ಕನ್ನಡದ ಜನ ಬಂದಿತು. ಒಬ್ಬರಿಗೆ ತಿಂಗಳ ಕೊನೆಯಲ್ಲಿ ಸಂಬಳ, ಇನ್ನೊಬ್ಬರಿಗೆ ವಾರದ ಕೊನೆಯಲ್ಲಿ ಕೂಲಿ. ಒಂದೇ ರಸ್ತೆಯ ಗದ್ದಲದಲ್ಲಿ ಇಬ್ಬರೂ ನಿಲ್ಲುತ್ತಾರೆ. ಆದರೆ ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲ. ನಮ್ಮ ಕೌಂಟರಿಗೆ ಮಾತ್ರ ಇಬ್ಬರೂ ಬರುತ್ತಾರೆ. ದುಡ್ಡಿನ ವಿಷಯದಲ್ಲಿ ಇವರಿಬ್ಬರ ನಡತೆ ನಾವು ತಿಳಿದಷ್ಟು ಬೇರೆಯಲ್ಲವೆಂಬುದು ನಮ್ಮ ಅನುಭವ.

ಗಿರಾಕಿಗಳು ನಮ್ಮ ಮುಂದೆ ಬಂದು ನಿಲ್ಲುವ ಹೊತ್ತಿಗೆ ತೀರ್ಮಾನ ಮುಗಿದಿರುತ್ತದೆ. “ಇಷ್ಟು ಹಣ ಇಂಥ ಖಾತೆಗೆ ಕಳುಹಿಸಿರಿ” ಎನ್ನುತ್ತಾರೆ. ಏತಕ್ಕೆಂದು ಕೇಳಿದರೆ, “ನಮ್ಮ ಸೀನಿಯರ್ ಹಾಕಿದ್ದಾರೆ,” “ನಮ್ಮ ಭಾವ ಹೇಳಿದರು,” “ಊಟಕ್ಕೆ ಕುಳಿತಾಗ ಮಾತು ಬಂತು” ಎಂದು ಉತ್ತರ. ಒಂದು ಮೊಬೈಲು ಕೊಳ್ಳುವುದಕ್ಕೆ ಮೂರು ವಾರ ಹೋಲಿಸಿ ನೋಡಿದ ಹುಡುಗ, ಇಪ್ಪತ್ತು ವರ್ಷದ ಗೃಹಸಾಲದ ಕಾಗದಕ್ಕೆ ಒಂದು ಮಧ್ಯಾಹ್ನದಲ್ಲಿ ರುಜು ಹಾಕಿ ಎದ್ದುಹೋಗುವುದನ್ನು ನಾವು ಕಂಡಿದ್ದೇವೆ. ಗಾರೆ ಕೆಲಸದ ಮನುಷ್ಯನೂ ಹಾಗೆಯೇ. ಮುಕಾದಮನನ್ನು ಕೇಳುತ್ತಾನೆ, ಚಹದಂಗಡಿಯಲ್ಲಿ ಕನ್ನಡ ಬಲ್ಲ ಯಾರಾದರೂ ಸಿಕ್ಕಿದರೆ ಅವರನ್ನು ಕೇಳುತ್ತಾನೆ. ತಿಳಿದವರು ಯಾರು ಎಂದು ಇಬ್ಬರೂ ವಿಚಾರಿಸುವುದಿಲ್ಲ. ಹತ್ತಿರ ಇರುವವರು ಯಾರು, ನಮ್ಮ ಮಾತನಾಡುವವರು ಯಾರು ಎಂದಷ್ಟೇ ನೋಡುತ್ತಾರೆ. ಪರಸ್ಥಳದಲ್ಲಿ ಇದು ಸಹಜವೇ. ಊರಿನಲ್ಲಿ ಕೇಳಬಹುದಾಗಿದ್ದ ಹತ್ತು ಜನ ಇಲ್ಲಿ ಇಲ್ಲ.

ಊರಿನಲ್ಲಿ ಯಾರಿದ್ದರು? ಇದನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಈ ದಿನಕ್ಕೆ ಉಚಿತವೆಂದು ಬಗೆದಿದ್ದೇವೆ. ಏಕೆಂದರೆ ಹಣವನ್ನು ಕೂಡಿಡುವ ವಿದ್ಯೆಯನ್ನು ದೇಶಕ್ಕೆ ಕಲಿಸಿದವರಲ್ಲಿ ಕನ್ನಡಿಗರ ಪಾಲು ಸಣ್ಣದಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ರೈತರ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಸಾಲಕ್ಕಾಗಿ ಸಾಹುಕಾರನ ಪಡಸಾಲೆಯಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ರೈತನಿಗೆ ಊರ ಚಾವಡಿಯಲ್ಲಿಯೇ ಕೇಳುವ ಜಾಗವೊಂದು ದೊರೆಯಿತು. ಮರುವರ್ಷ, 1906ರಲ್ಲಿ, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲ ಸಂಸ್ಥೆಯನ್ನೂ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನ್ನಿಸಿಕೊಂಡ ಸಂಸ್ಥೆಯನ್ನೂ ಆರಂಭಿಸಿದರು. ಆಮೇಲೆ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ಬ್ಯಾಂಕಿನ ಮನುಷ್ಯ ಮನೆಯ ಬಾಗಿಲಿಗೆ, ಅಂಗಡಿಯ ಗಲ್ಲಾಪೆಟ್ಟಿಗೆಗೆ ಬಂದು ಎಣಿಸಿ ಒಯ್ಯುತ್ತಿದ್ದ.

ಈ ಪಿಗ್ಮಿಯವನ ವಿಷಯ ಸ್ವಲ್ಪ ಆಲೋಚಿಸಿ ನೋಡಿರಿ. ದಿನಾಲು ಬಂದು ಹೋಗುವವನಾದುದರಿಂದ ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಕಾಯಿಲೆ ಎಂಬುದೆಲ್ಲ ಅವನಿಗೆ ಗೊತ್ತು. “ಈ ವರ್ಷ ದೊಡ್ಡ ಗಂಟಿಗೆ ಕೈಹಾಕಬೇಡಿ ಅಮ್ಮ, ಮುಂದೆ ಹೆರಿಗೆ ಖರ್ಚು ಇದೆ” ಎಂದು ಹೇಳುವ ಸಲಿಗೆ ಅವನಿಗಿತ್ತು. ಅವನಿಗೂ ಕಮಿಷನ್ ಇತ್ತು. ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅದು ಎಲ್ಲರಿಗೂ ತಿಳಿದ ಕಮಿಷನ್. ನೀವು ಕೂಡಿಟ್ಟಷ್ಟು ದಿನ ಅವನಿಗೆ ದೊರೆಯುತ್ತಿತ್ತು; ನೀವು ನಿಲ್ಲಿಸಿದರೆ ಅವನದೂ ನಿಲ್ಲುತ್ತಿತ್ತು. ಅವನ ಲಾಭವೂ ನಿಮ್ಮ ಲಾಭವೂ ಒಂದೇ ದಾರಿಯಲ್ಲಿ ನಡೆಯುತ್ತಿದ್ದವು. ಆ ಹಳೆಯ ಹೆಸರುಗಳಲ್ಲಿ ಕೆಲವು ಈಗ ಫಲಕದ ಮೇಲಿಲ್ಲ. ಸಿಂಡಿಕೇಟು ಕೆನರಾದಲ್ಲಿಯೂ ಕಾರ್ಪೊರೇಷನ್ನು ಯೂನಿಯನ್ ಬ್ಯಾಂಕಿನಲ್ಲಿಯೂ 2020ರ ಏಪ್ರಿಲ್ 1ರಂದು ವಿಲೀನವಾದವು. ನಮಗೆ ಫಲಕ ಬದಲಾದುದಕ್ಕಿಂತ ಬಾಗಿಲಿಗೆ ಬರುವ ಮನುಷ್ಯ ಬದಲಾದುದು ದೊಡ್ಡ ಬದಲಾವಣೆಯಾಗಿ ಕಾಣುತ್ತದೆ.

ಅದು ಹೇಗೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇವೆ. ಹೆಸರು, ಊರು ಬೇಡ.

ಕಲಬುರಗಿಯ ಕಡೆಯ ಒಬ್ಬ ಮಾಸ್ತರರು ನಿವೃತ್ತರಾಗಿ, ಇಲ್ಲಿ ಕೆಲಸದಲ್ಲಿರುವ ಮಗನ ಮನೆಗೆ ಬಂದರು. ಮೂವತ್ತು ಮೂವತ್ತೈದು ವರ್ಷ ಹಳ್ಳಿಯ ಶಾಲೆಗಳಲ್ಲಿ ದುಡಿದವರು. ಕೈಗೆ ಬಂದ ಗಂಟು ಇಪ್ಪತ್ತು ಲಕ್ಷ ರೂಪಾಯಿ. ಅವರ ಜನ್ಮದಲ್ಲಿ ಅಷ್ಟು ಹಣವನ್ನು ಒಟ್ಟಿಗೆ ಕಂಡದ್ದು ಅದೇ ಮೊದಲು. ಯಾರನ್ನು ಕೇಳುವುದು? ಮಗನಿಗೆ ಹಗಲೂ ರಾತ್ರಿ ಕೆಲಸ. ಅದೂ ಅಲ್ಲದೆ, ತನ್ನ ಹಣವನ್ನು ಏನು ಮಾಡಬೇಕೆಂದು ಮಗನನ್ನು ಕೇಳುವುದು ತಂದೆಯಾದವರಿಗೆ ಸ್ವಲ್ಪ ಕಷ್ಟ. ಹೆಂಡತಿಯನ್ನು ಕೇಳುವ ರೂಢಿ ಅವರಿಗೆ ಇರಲಿಲ್ಲ. ಆಗ ಅವರದೇ ತಾಲ್ಲೂಕಿನ, ಸಂಬಂಧದಲ್ಲಿಯೂ ಹತ್ತಿರವಾದ ಒಬ್ಬ ಹುಡುಗ ಮನೆಗೆ ಬಂದ. ಚಂದವಾಗಿ ಕನ್ನಡ ಮಾತನಾಡಿದ, ಕಾಲಿಗೆ ನಮಸ್ಕಾರ ಮಾಡಿದ, ಬಿಸಿ ರೊಟ್ಟಿ ಊಟ ಮಾಡಿದ. “ಮಾಸ್ತರ್ರೆ, ಎಫ್.ಡಿ. ಇದ್ದಂಗ ಅದ, ಬಡ್ಡಿ ಅದಕ್ಕಿಂತ ಚಲೋ ಬರ್ತದ” ಎಂದು ಹೇಳಿ ನಾಲ್ಕು ಕಡೆ ರುಜು ಹಾಕಿಸಿಕೊಂಡು ಐದು ಲಕ್ಷದ ಚೆಕ್ಕನ್ನು ಒಯ್ದ.

ಒಂದು ವರ್ಷ ಕಳೆಯಿತು. 2022ರಲ್ಲಿ ಅವರು ಒಂದು ಕಾಗದ ಹಿಡಿದುಕೊಂಡು ನಮ್ಮ ಕೌಂಟರಿಗೆ ಬಂದರು. ಕಾಗದ ಇಂಗ್ಲಿಷಿನಲ್ಲಿತ್ತು. ಬಡ್ಡಿ ಬಂದಿರುವ ಪತ್ರವೆಂದು ತಿಳಿದು, ಎಲ್ಲಿ ರುಜು ಹಾಕಬೇಕೆಂದು ಕೇಳಿದರು. ಓದಿ ನೋಡಿದರೆ ಅದು ಎರಡನೆಯ ಕಂತು ಕಟ್ಟಬೇಕೆಂಬ ಸೂಚನೆ. ಅವರು ಕೊಂಡದ್ದು ವರ್ಷವರ್ಷವೂ ಐದು ಲಕ್ಷದಂತೆ ಹತ್ತು ವರ್ಷ ಕಟ್ಟಬೇಕಾದ ಜೀವವಿಮೆಯ ಪಾಲಿಸಿ! ಹತ್ತು ಕಂತೆಂದರೆ ಐವತ್ತು ಲಕ್ಷ; ಅವರ ಬಳಿ ಉಳಿದಿದ್ದುದು ಹದಿನೈದು.

ಆ ಕಾಲದ ನಿಯಮ ಹೀಗಿತ್ತು. ಪಾಲಿಸಿ ಕೈಸೇರಿದ ಹದಿನೈದು ದಿನಗಳೊಳಗೆ ಬೇಡವೆಂದು ಹಿಂತಿರುಗಿಸಬಹುದಾಗಿತ್ತು. ಆ ಅವಧಿ ಎಂದೋ ಮುಗಿದಿತ್ತು. ಒಂದೇ ಕಂತು ಕಟ್ಟಿ ನಿಲ್ಲಿಸಿದರೆ ಅಂಥ ಪಾಲಿಸಿಯಲ್ಲಿ ಕೈಗೆ ಏನೂ ಬರುತ್ತಿರಲಿಲ್ಲ, ಐದು ಲಕ್ಷವೂ ಹೋದಂತೆಯೇ. ಎರಡು ಕಂತು ಕಟ್ಟಿ ಬಿಟ್ಟರೆ, ಖಾತರಿಯಾಗಿ ಬರುವುದು ಕಟ್ಟಿದ ಹತ್ತು ಲಕ್ಷದಲ್ಲಿ ಶೇಕಡಾ 30, ಅಂದರೆ ಮೂರು ಲಕ್ಷ. ಇಲ್ಲವೆ ಮುಂದೆ ಕಟ್ಟದೆ ಹಾಗೆಯೇ ಬಿಟ್ಟು, ಅವಧಿ ಮುಗಿಯುವವರೆಗೆ ಕಾದು, ಕಡಿಮೆಯಾದ ಮೊತ್ತವನ್ನು ಪಡೆಯಬೇಕು. ಅರುವತ್ತೊಂದರ ಮನುಷ್ಯ ಎಪ್ಪತ್ತು ದಾಟುವವರೆಗೆ ಕಾಯಬೇಕು.

ಮಾಸ್ತರರು ಬಹಳ ಹೊತ್ತು ಮಾತನಾಡಲಿಲ್ಲ. ಟೋಕನ್ ಸಂಖ್ಯೆ ಕೂಗುವ ಯಂತ್ರ ಕೂಗುತ್ತಲೇ ಇತ್ತು. ಪುಣೆಯಲ್ಲಿಯೇ ವಿಮಾ ಲೋಕಪಾಲರ ಕಚೇರಿ ಉಂಟು, ಮೊದಲು ಕಂಪನಿಗೆ ಬರೆದು, ಅಲ್ಲಿ ಆಗದಿದ್ದರೆ ಅವರಿಗೆ ದೂರು ಕೊಡಬಹುದು, ಖರ್ಚಿಲ್ಲ ಎಂದು ತಿಳಿಸಿದೆವು. ಅವರು ತಲೆಯಲ್ಲಾಡಿಸಿದರು. “ಅಂವ ನಮ್ಮಾಂವನ ಅದಾನ್ರೀ. ಕೂಸಿದ್ದಾಗಿಂದ ನೋಡೀನಿ. ಅವನ ಮ್ಯಾಲ ಹೆಂಗ ತಕರಾರು ಬರೀಲಿ?” ಎಂದರು. ಎರಡನೆಯ ಕಂತನ್ನು ಕಟ್ಟಿದರು, ಅಲ್ಲಿಗೆ ನಿಲ್ಲಿಸಿದರು. ಆ ಹತ್ತು ಲಕ್ಷ ಈಗಲೂ ಅಲ್ಲಿಯೇ ಇದೆ. ಮೊನ್ನೆ ಅವರ ಯಜಮಾನತಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಮಗ ಸಾಲ ಮಾಡಿದ.

ಆ ಹುಡುಗ ಕೆಟ್ಟವನೆಂದು ಹೇಳಲಿಕ್ಕೆ ನಾವು ಈ ಕಥೆಯನ್ನು ತೆಗೆಯಲಿಲ್ಲ. ಅವನಿಗೂ ಮೇಲಿನವರ ಒತ್ತಾಯವಿದ್ದೀತು. ನಾವು ನೋಡಬೇಕಾದುದು ಬೇರೊಂದು. ಮಾಸ್ತರರಿಗೆ ಒಪ್ಪುವ ಯೋಜನೆ ಅದೇ ದಿನ ಅದೇ ರಸ್ತೆಯ ಅಂಚೆ ಕಚೇರಿಯಲ್ಲಿ ಇತ್ತು. ಹಿರಿಯ ನಾಗರಿಕರ ಉಳಿತಾಯ ಯೋಜನೆ ಎಂಬುದನ್ನು ಸರ್ಕಾರ ಆರಂಭಿಸಿದ್ದು 2004ರಲ್ಲಿ. ಮಾಸ್ತರರು ಬಂದ ಕಾಲಕ್ಕೆ ಅದರ ಬಡ್ಡಿ ಶೇಕಡಾ 7.4, ಮಿತಿ 15 ಲಕ್ಷ. ಹದಿನೈದು ಲಕ್ಷವನ್ನು ಅಲ್ಲಿಟ್ಟಿದ್ದರೆ ಮೂರು ತಿಂಗಳಿಗೊಮ್ಮೆ 27,750 ರೂಪಾಯಿ ಕೈಗೆ ಬರುತ್ತಿತ್ತು. 2023ರಲ್ಲಿ ಮಿತಿಯನ್ನು 30 ಲಕ್ಷಕ್ಕೆ ಏರಿಸಿದರು, ಬಡ್ಡಿಯೂ ಏರಿತು. ಹಾಗಾದರೆ ಅದನ್ನು ಅವರಿಗೆ ಯಾರೂ ಏಕೆ ಹೇಳಲಿಲ್ಲ? ಕಾರಣ ಬಹಳ ಸರಳ. ಆ ಯೋಜನೆಗೆ ಜನರನ್ನು ತಂದವರಿಗೆ ಮೊದಲು ನೂರಕ್ಕೆ ಎಂಟಾಣೆಯಂತೆ ಕಮಿಷನ್ ಇತ್ತು. 2011ರ ಡಿಸೆಂಬರಿನಿಂದ ಸರ್ಕಾರ ಅದನ್ನು ನಿಲ್ಲಿಸಿತು. ಪಿ.ಪಿ.ಎಫ್. ಎಂಬ ಸಾರ್ವಜನಿಕ ಭವಿಷ್ಯನಿಧಿಗೂ ಅಂದಿನಿಂದ ಕಮಿಷನ್ ಇಲ್ಲ. ಇತ್ತ ಜೀವವಿಮೆಯಲ್ಲಿಯೋ ಮೊದಲ ವರ್ಷದ ಕಂತಿನ ದೊಡ್ಡದೊಂದು ಪಾಲು ಮಾರಿದವನಿಗೆ ಹೋಗುತ್ತದೆ. ಯಾರಿಗೂ ಏನೂ ದೊರೆಯದ ಯೋಜನೆಯನ್ನು ನಿಮ್ಮ ಮನೆಯ ತನಕ ಹೊತ್ತು ತರುವವರು ಯಾರು? ಅದನ್ನು ನೀವೇ ಹೋಗಿ ಕೇಳಬೇಕು.

ಇಲ್ಲಿ ನಮ್ಮ ಉದ್ಯೋಗದ ಮಾತನ್ನೂ ಬಿಡಬಾರದು. ಬ್ಯಾಂಕುಗಳು ಇಂದು ವಿಮಾ ಕಂಪನಿಗಳ ಏಜೆಂಟರೂ ಆಗಿವೆ. ವಿಮೆ, ಮ್ಯೂಚುವಲ್ ಫಂಡು ಎರಡನ್ನೂ ಮಾರುತ್ತವೆ, ಅದರಿಂದ ಆದಾಯ ಪಡೆಯುತ್ತವೆ. ಶಾಖೆಗೆ ಇಷ್ಟು ಎಂದು ಗುರಿಯೂ ಇರುತ್ತದೆ. ಠೇವಣಿ ಮುಗಿದ ಹಿರಿಯರೊಬ್ಬರು ಬಂದರೆ ಕುರ್ಚಿ ಕೊಟ್ಟು ಚಹ ತರಿಸುವುದು ಕೇವಲ ವಯಸ್ಸಿನ ಗೌರವದಿಂದಲೇ ಎಂದು ತಾವು ತಿಳಿಯಬೇಕಾಗಿಲ್ಲ. ಬ್ಯಾಂಕಿನಲ್ಲಿ ಕೊಂಡದ್ದೆಲ್ಲ ಬ್ಯಾಂಕಿನ ಠೇವಣಿ ಎಂಬ ನಂಬಿಕೆ ನಮ್ಮ ಜನರಲ್ಲಿ ಇನ್ನೂ ಬಲವಾಗಿದೆ. ಔಷಧದ ಅಂಗಡಿಯವರು ತಿಳಿದವರೇ ಇರಬಹುದು, ಸಜ್ಜನರೂ ಇರಬಹುದು. ಆದರೂ ಔಷಧವನ್ನು ಬರೆದುಕೊಡುವುದು ವೈದ್ಯರ ಕೆಲಸ.

ಹಾಗಾದರೆ ದುಡ್ಡಿನ ವೈದ್ಯರು ಎಲ್ಲಿದ್ದಾರೆ ಎಂದು ಕೇಳುವಿರಿ. ಇದ್ದಾರೆ. ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿ ಸಂಸ್ಥೆ 2013ರಲ್ಲಿ ಹೂಡಿಕೆ ಸಲಹೆಗಾರರಿಗಾಗಿ ನಿಯಮಾವಳಿಯನ್ನು ಜಾರಿಗೆ ತಂದಿತು. 2020ರಲ್ಲಿ ಅದನ್ನು ಬಿಗಿಮಾಡಿ, ಒಬ್ಬನೇ ಗಿರಾಕಿಗೆ ಸಲಹೆಯನ್ನೂ ಕೊಟ್ಟು ಸರಕನ್ನೂ ಮಾರುವಂತಿಲ್ಲವೆಂದು ವಿಧಿಸಿತು. ಇವರಿಗೆ ಕಮಿಷನ್ ಇಲ್ಲ. ನೀವು ಕೊಡುವ ಶುಲ್ಕವೇ ಅವರ ಸಂಪಾದನೆ, ಆ ಶುಲ್ಕಕ್ಕೂ ಮಿತಿ ಉಂಟು. ಆದರೆ ಅಂಥ ನೋಂದಾಯಿತ ಸಲಹೆಗಾರರು ಇಡೀ ಭಾರತದಲ್ಲಿ ಸುಮಾರು ಒಂದು ಸಾವಿರ. ಜೀವವಿಮಾ ನಿಗಮವೊಂದರ ಏಜೆಂಟರೇ 13 ಲಕ್ಷಕ್ಕೆ ಮಿಕ್ಕಿ ಇದ್ದಾರೆ. ಈ ಎರಡು ಅಂಕೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ನಮ್ಮ ಮನೆಯ ಗಂಟೆಯನ್ನು ಯಾರು ಬಾರಿಸಿಯಾರು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸಲಹೆಗಾರರು ಕಡಿಮೆಯಾಗಿರುವುದಕ್ಕೆ ತಪ್ಪು ನಿಯಮಗಳದಷ್ಟೇ ಅಲ್ಲ, ಕೇಳುವವರದೂ ಉಂಟು. ನಾವು ವಕೀಲರಿಗೆ ಕೊಡುತ್ತೇವೆ, ಜ್ಯೋತಿಷ್ಯರಿಗೆ ದಕ್ಷಿಣೆ ಇಡುತ್ತೇವೆ, ಮನೆಯ ನಕ್ಷೆ ಬರೆದವರಿಗೆ ಹಣ ಎಣಿಸುತ್ತೇವೆ. ದುಡ್ಡಿನ ಸಲಹೆ ಮಾತ್ರ ಬಿಟ್ಟಿಯಾಗಿ ಬರಬೇಕು. ಬಿಟ್ಟಿ ಸಲಹೆಯ ಬೆಲೆಯೆಷ್ಟು ಎಂಬುದನ್ನು ಒಂದು ಲೆಕ್ಕದಿಂದ ತೋರಿಸುತ್ತೇವೆ, ಬಿ.ಕಾಂ. ಓದಿದವರಿಗೆ ಇಷ್ಟಾದರೂ ಅವಕಾಶ ಕೊಡಿರಿ. 2013ರ ಜನವರಿ 1ರಿಂದ ಪ್ರತಿಯೊಂದು ಮ್ಯೂಚುವಲ್ ಫಂಡಿನಲ್ಲಿಯೂ ಎರಡು ಬಾಗಿಲುಗಳಿವೆ: ಒಂದು ಮಧ್ಯವರ್ತಿಯ ಮೂಲಕ, ಇನ್ನೊಂದು ನೇರವಾಗಿ. ಒಳಗಿರುವ ಷೇರುಗಳು ಒಂದೇ. ಆದರೆ ಮೊದಲನೆಯದರಲ್ಲಿ ಮಧ್ಯವರ್ತಿಯ ಪಾಲು ಪ್ರತಿವರ್ಷವೂ ನಿಮ್ಮ ಗಂಟಿನಿಂದಲೇ ಹೋಗುತ್ತದೆ, ಹಲವು ಫಂಡುಗಳಲ್ಲಿ ಅದು ನೂರಕ್ಕೆ ಅರ್ಧದಿಂದ ಒಂದು ರೂಪಾಯಿ. ನೂರಕ್ಕೆ ಒಂದು ರೂಪಾಯಿ ಏನು ಮಹಾ ಎನ್ನಬೇಡಿರಿ. ತಿಂಗಳಿಗೆ 10,000 ರೂಪಾಯಿಯಂತೆ ಇಪ್ಪತ್ತು ವರ್ಷ ಹಾಕಿದವನಿಗೆ ಶೇಕಡಾ 12ರಂತೆ ಬೆಳೆದರೆ ಸುಮಾರು ಒಂದು ಕೋಟಿ ಆಗುತ್ತದೆ. ಶೇಕಡಾ 11ರಂತೆ ಬೆಳೆದರೆ ಎಂಬತ್ತೇಳು ಲಕ್ಷದ ಮೇಲೆ ಸ್ವಲ್ಪ. (ಹೀಗೆ ಬೆಳೆದೇ ಬೆಳೆಯುತ್ತದೆಂದು ನಾವು ಹೇಳುತ್ತಿಲ್ಲ, ಇದು ಲೆಕ್ಕದ ಮಾತು.) ನಡುವಿನ ಹನ್ನೆರಡು ಲಕ್ಷ ಚಿಲ್ಲರೆ, ಬಿಟ್ಟಿ ಎಂದು ತಿಳಿದ ಸಲಹೆಯ ಬೆಲೆ. ಕೆಲವರಿಗೆ ಆ ಮಧ್ಯವರ್ತಿ ಅದಕ್ಕೆ ತಕ್ಕ ಸೇವೆಯನ್ನೂ ಮಾಡಿಯಾನು, ಪೇಟೆ ಬಿದ್ದಾಗ ಕೈಹಿಡಿದು ನಿಲ್ಲಿಸಿಯಾನು. ಅಂಥವನಿಗೆ ಕೊಡುವುದು ನ್ಯಾಯವೇ. ಕೊಡುತ್ತಿದ್ದೇವೆಂಬುದು ತಿಳಿದಿರಬೇಕು, ಅಷ್ಟೆ.

ತರುಣರು ಇಷ್ಟು ಹೊತ್ತು ನಗುತ್ತ ಕುಳಿತಿದ್ದಾರೆ. ತಮಗೆ ಏಜೆಂಟನೇ ಬೇಡ, ಫೋನಿನಲ್ಲಿ ಎಲ್ಲವೂ ಸಿಗುತ್ತದೆ ಎಂದು. ಫೋನಿನಲ್ಲಿ ಸಿಗುವುದೇನೆಂಬುದಕ್ಕೆ ಸೆಬಿಯ ಅಂಕೆಗಳೇ ಸಾಕ್ಷಿ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವ್ಯವಹಾರದಲ್ಲಿ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಕೈಹಾಕಿದ ಒಂದು ಕೋಟಿಗೂ ಮೀರಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ನಷ್ಟಹೊಂದಿದರು. ತಲೆಗೆ ಸರಾಸರಿ ಎರಡು ಲಕ್ಷ ರೂಪಾಯಿ. ಉಳಿದ ಏಳು ಮಂದಿಯ ಮಾತೇ ಕಚೇರಿಯ ಊಟದ ಮೇಜಿನಲ್ಲಿ ಕೇಳಿಬರುತ್ತದೆ. ತೊಂಬತ್ತಮೂರು ಮಂದಿ ಸುಮ್ಮನೆ ಮೊಸರನ್ನ ಉಣ್ಣುತ್ತಿರುತ್ತಾರೆ. ನೋಂದಣಿಯಿಲ್ಲದೆ ಸಲಹೆ ಕೊಡುವ ಜಾಲತಾಣದ ಪಂಡಿತರೊಡನೆ ತನ್ನ ಅಧೀನದ ಸಂಸ್ಥೆಗಳು ಸಂಬಂಧವಿಟ್ಟುಕೊಳ್ಳಬಾರದೆಂದು ಸೆಬಿ 2024ರ ಆಗಸ್ಟಿನಲ್ಲಿ ವಿಧಿಸಬೇಕಾಯಿತು. ಇನ್ನು ವಾಟ್ಸಾಪ್ ಗುಂಪಿಗೆ ಸೇರಿಸಿ, ಸುಳ್ಳು ಲಾಭವನ್ನು ಪರದೆಯ ಮೇಲೆ ತೋರಿಸಿ ಸುಲಿಯುವವರ ಕಥೆಯನ್ನು ಪತ್ರಿಕೆಗಳಲ್ಲಿ ತಾವೇ ಓದುತ್ತಿದ್ದೀರಿ. ಹಾಗೆ ಹಣ ಹೋದರೆ ನಾಚಿಕೆಯಿಂದ ಎರಡು ದಿನ ಕಳೆಯಬಾರದು. ಆ ಗಳಿಗೆಯಲ್ಲಿಯೇ 1930ಕ್ಕೆ ಕರೆಮಾಡಬೇಕು. ತಡಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿಹೋಗುತ್ತದೆ.

ಹಿರಿಯರದು ಇನ್ನೊಂದು ರೂಢಿ: ಎಲ್ಲರೂ ಇಟ್ಟಲ್ಲಿ ನಾವೂ ಇಡುವುದು. ಪುಣೆಯವರಿಗೆ ರೂಪೀ ಸಹಕಾರಿ ಬ್ಯಾಂಕಿನ ವಿಷಯ ಹೇಳಬೇಕಾಗಿಲ್ಲ. 1912ರಷ್ಟು ಹಳೆಯ ಸಂಸ್ಥೆ. ಅದರ ಮೇಲೆ 2013ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕಿನ ನಿರ್ಬಂಧ ಬಿತ್ತು, 2022ರಲ್ಲಿ ಪರವಾನಗಿಯೇ ರದ್ದಾಯಿತು. ಒಂದೇ ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ಎಷ್ಟು ಮೊತ್ತದವರೆಗೆ ವಿಮೆ ಉಂಟೆಂದು ಅಲ್ಲಿ ಹಣವಿಟ್ಟವರಲ್ಲಿ ಎಷ್ಟು ಮಂದಿ ಕೇಳಿದ್ದಾರು? 1993ರಿಂದ ಅದು ಒಂದು ಲಕ್ಷವಿತ್ತು. 2020ರ ಫೆಬ್ರುವರಿಯಲ್ಲಿ ಐದು ಲಕ್ಷವಾಯಿತು. ಒಂದೇ ಪ್ರಶ್ನೆ, ಒಂದೇ ಅಂಕೆ. ಕೇಳಿದ್ದರೆ ಗಂಟನ್ನು ಎರಡು ಮೂರು ಕಡೆ ಹಂಚಿಡುತ್ತಿದ್ದರು.

ಇನ್ನು ನಮ್ಮ ಗಾರೆಯವರ ಮಾತು. ಇವರಲ್ಲಿ ಬಹಳ ಮಂದಿ ವಾರದ ಕೂಲಿಯಲ್ಲಿ ಒಂದಿಷ್ಟನ್ನು ಭಿಶಿಗೆ ಹಾಕುತ್ತಾರೆ, ನಾವು ಚೀಟಿ ಎನ್ನುವುದನ್ನು ಇಲ್ಲಿ ಭಿಶಿ ಎನ್ನುತ್ತಾರೆ. ಅದನ್ನು ನಾವು ಹಳಿಯುವುದಿಲ್ಲ. ಹತ್ತು ಜನ ಒಬ್ಬರ ಮುಖ ಒಬ್ಬರು ನೋಡಿ ನಡೆಸುವ ಭಿಶಿ ಎಷ್ಟೋ ಮಕ್ಕಳ ಫೀಜು ಕಟ್ಟಿದೆ. ಇವರ ಸಂಕಟ ಬೇರೆ. ಏನನ್ನು ಕೇಳಬೇಕೆಂಬುದೇ ಇವರಿಗೆ ತಿಳಿಸಿದವರಿಲ್ಲ. 2015ರಲ್ಲಿ ಎರಡು ವಿಮೆಗಳು ಬಂದವು. ಪ್ರಧಾನಮಂತ್ರಿ ಜೀವನ ಜ್ಯೋತಿಗೆ ಈಗ ವರ್ಷಕ್ಕೆ 436 ರೂಪಾಯಿ. ಯಾವ ಕಾರಣದಿಂದ ಸತ್ತರೂ ಮನೆಯವರಿಗೆ ಎರಡು ಲಕ್ಷ. ಸುರಕ್ಷಾ ವಿಮೆಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ ಎರಡು ಲಕ್ಷ. ಖಾತೆ ತೆರೆಯುವಾಗ ಕಾಗದಗಳ ನಡುವೆ ಇದಕ್ಕೂ ಒಂದು ಹೆಬ್ಬೆಟ್ಟು ಒತ್ತಿರುತ್ತಾರೆ. ವರ್ಷಕ್ಕೊಮ್ಮೆ ಹಣ ತಾನಾಗಿಯೇ ಕಳೆಯುತ್ತದೆ. ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಹಿಂದೊಮ್ಮೆ ಯಾದಗಿರಿಯ ಕಡೆಯ ಒಬ್ಬ ಹೆಣ್ಣುಮಗಳು ಸತ್ತ ಗಂಡನ ಖಾತೆಯಲ್ಲಿ ಉಳಿದಿದ್ದ ಎರಡು ಸಾವಿರ ಚಿಲ್ಲರೆಯನ್ನು ತೆಗೆಯಲೆಂದು ಬಂದಳು. ಗಂಡ ಕಟ್ಟಡದ ಮೇಲಿನಿಂದ ಬಿದ್ದು ತೀರಿಕೊಂಡು ಎಂಟು ತಿಂಗಳಾಗಿತ್ತು. ಪಾಸ್‌ಬುಕ್ಕನ್ನು ಯಂತ್ರಕ್ಕೆ ಕೊಟ್ಟು ನೋಡಿದಾಗ ಎರಡೂ ವಿಮೆಯ ಹಣ ಕಳೆದಿರುವ ಸಾಲುಗಳು ಕಂಡವು. “ಅಣ್ಣಾ, ಈ ಇಪ್ಪತ್ತು ರೂಪಾಯಿ ಯಾಕ ಕಟ್ ಮಾಡ್ಯಾರ?” ಎಂದು ಅವಳೇ ಕೇಳಿದಳು, ತಕರಾರಿನ ಧ್ವನಿಯಲ್ಲಿ. ಪೋಲೀಸರ ಕಾಗದ, ಮರಣೋತ್ತರ ಪರೀಕ್ಷೆಯ ಕಾಗದ, ಮರಣಪತ್ರ ಇವನ್ನೆಲ್ಲ ಕೂಡಿಸುವುದಕ್ಕೆ ಅವಳು ನಾಲ್ಕು ಸಲ ರೈಲಿನಲ್ಲಿ ಓಡಾಡಿದಳು. ಕೊನೆಗೆ ನಾಲ್ಕು ಲಕ್ಷ ಬಂದಿತು. ಎಂಟು ತಿಂಗಳ ಕಾಲ ಅವಳ ಮಾವ, ಮೈದುನ, ಮುಕಾದಮ ಎಲ್ಲರೂ ಆ ಪಾಸ್‌ಬುಕ್ಕನ್ನು ನೋಡಿದ್ದರು. ಆ ಸಾಲಿನ ಅರ್ಥವೇನೆಂದು ಯಾರಿಗೂ ಹೊಳೆದಿರಲಿಲ್ಲ.

ಈ ಎರಡು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನಮಗೆ ಒಂದು ವಿಷಯ ಕಾಡುತ್ತದೆ. ಮಾಸ್ತರರು ಓದಿದವರು, ಆ ಹೆಣ್ಣುಮಗಳು ಓದದವಳು. ಅವಳು ಇಪ್ಪತ್ತು ರೂಪಾಯಿಗೆ ಲೆಕ್ಕ ಕೇಳಿದಳು. ಅವರು ಐದು ಲಕ್ಷಕ್ಕೆ ಕೇಳಲಿಲ್ಲ. ಕೇಳಲಿಲ್ಲವೇಕೆ? ದಾಕ್ಷಿಣ್ಯ. ಈ ಮಾತಿಗೆ ಸರಿಯಾದ ಮಾತು ಬೇರೆ ಭಾಷೆಯಲ್ಲಿ ಇದೆಯೋ ಇಲ್ಲವೋ. ನಮ್ಮಲ್ಲಂತೂ ಅದು ಧಾರಾಳ. ತರಕಾರಿಯವಳೊಡನೆ ಎರಡು ರೂಪಾಯಿಗೆ ಕಾಲು ಗಂಟೆ ಚೌಕಾಸಿ ಮಾಡುವ ನಾವು, ಮನೆಗೆ ಬಂದು ಉಂಡವನನ್ನು “ಇದರಲ್ಲಿ ನಿನಗೆಷ್ಟು ಸಿಗುತ್ತದಪ್ಪಾ?” ಎಂದು ಕೇಳಲಾರೆವು. ಕೇಳಿದರೆ ಅವಮಾನ ಮಾಡಿದಂತೆ ಎಂದು ಭಾವಿಸುತ್ತೇವೆ. ನಿಜವಾದ ಕಸುಬುದಾರನಿಗೆ ಅದರಿಂದ ಅವಮಾನವಾಗುವುದಿಲ್ಲ. ಅವನು ಅಂಕೆಯನ್ನು ಹೇಳುತ್ತಾನೆ. ಅದರ ಬೆನ್ನಿಗೆ ಇನ್ನೊಂದನ್ನೂ ಕೇಳಿಬಿಡಿರಿ: “ಮುಂದಿನ ವರ್ಷ ನನಗೆ ಈ ಹಣ ವಾಪಸು ಬೇಕಾದರೆ ಎಷ್ಟು ಬರುತ್ತದೆ? ಅದನ್ನು ಈ ಕಾಗದದ ಮೇಲೆ ಬರೆದು ರುಜು ಮಾಡು.” ಹೇಳಿದ ಮಾತನ್ನು ಬರೆದುಕೊಡು ಎಂದೊಡನೆ ಎಷ್ಟೋ ಜನರ ಧ್ವನಿ ಬದಲಾಗುತ್ತದೆ, ನಾವು ಕೌಂಟರಿನ ಈಚೆಯಿಂದ ನೋಡಿ ಬಲ್ಲೆವು. ಮಾಸ್ತರರು ಇವೆರಡನ್ನು ಕೇಳಿದ್ದರೆ ಆ ಹುಡುಗ ಊಟ ಮುಗಿಸಿ ಬರಿಗೈಯಲ್ಲಿ ಹೋಗುತ್ತಿದ್ದ. ಸಂಬಂಧವೂ ಉಳಿಯುತ್ತಿತ್ತು. ಈಗ ಹಣವೂ ಸಿಕ್ಕಿಕೊಂಡಿದೆ, ಆ ಹುಡುಗ ಅವರ ಮನೆಯ ಕಡೆ ಮುಖ ಹಾಕುತ್ತಿಲ್ಲ.

ಸಂಘದ ಹಿರಿಯರಲ್ಲಿಯೂ ಒಂದು ಅರಿಕೆ. ಪರನಾಡಿನಲ್ಲಿ ಕನ್ನಡದ ದನಿ ಕೇಳಿದೊಡನೆ ನಮ್ಮ ಎದೆ ತೆರೆಯುತ್ತದೆ. ಈ ಸಂಘ ನಿಂತಿರುವುದೇ ಅದರ ಮೇಲೆ. ಆದರೆ ಕನ್ನಡ ಬರುತ್ತದೆಂಬುದು ವಿಮೆಯನ್ನೋ ಫ್ಲಾಟನ್ನೋ ಮಾರುವುದಕ್ಕೆ ಯೋಗ್ಯತಾಪತ್ರವಲ್ಲ. ನಮ್ಮ ಸಭೆಗಳ ಊಟದ ಸಾಲಿನಲ್ಲಿ ಭೇಟಿಚೀಟಿಗಳು ಕೈಬದಲಾಯಿಸುವುದನ್ನು ಎಲ್ಲರೂ ನೋಡಿದ್ದೇವೆ. ಈ ಸ್ಮರಣ ಸಂಚಿಕೆಯ ಜಾಹೀರಾತು ಪುಟಗಳಲ್ಲಿಯೂ ಕೆಲವು ಇವೆ, ಅವುಗಳಿಂದಲೇ ಅಚ್ಚಿನ ಖರ್ಚು ಹುಟ್ಟುತ್ತದೆಂಬುದೂ ನಮಗೆ ಗೊತ್ತು. ಜಾಹೀರಾತು ಇರಲಿ. ಅದರ ಜೊತೆಗೆ, ಏನನ್ನೂ ಮಾರದೆ ಕಾಗದವನ್ನು ಓದಿ ಕನ್ನಡದಲ್ಲಿ ಅರ್ಥ ಹೇಳುವ ಒಂದು ಮೇಜೂ ಸಂಘದಲ್ಲಿ ಇರಲಿ ಎಂಬುದು ನಮ್ಮ ಬಿನ್ನಹ. ಅಧ್ಯಕ್ಷರು ಒಪ್ಪಿದ್ದಾರೆ. ಬರುವ ತಿಂಗಳಿನಿಂದ ಪ್ರತಿ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಾವೂ, ಲೆಕ್ಕಪತ್ರ ಬಲ್ಲ ಇನ್ನಿಬ್ಬರು ಸದಸ್ಯರೂ ಕುಳಿತಿರುತ್ತೇವೆ. ಎಲ್ಲಿ ಹಣ ಹಾಕಬೇಕೆಂದು ನಾವು ಹೇಳುವುದಿಲ್ಲ. ಆ ಅಧಿಕಾರ ನಮಗಿಲ್ಲ. ಕಾಗದದಲ್ಲಿ ಏನು ಬರೆದಿದೆಯೆಂಬುದನ್ನು ಮಾತ್ರ ಓದಿ ಹೇಳುತ್ತೇವೆ. ಜೀವವಿಮೆಯ ಪಾಲಿಸಿಯನ್ನು ಹಿಂತಿರುಗಿಸುವ ಅವಧಿ 2024ರಿಂದ ಮೂವತ್ತು ದಿನಗಳಾಗಿದೆ. ಒಂದು ವರ್ಷದ ಪೂರ್ಣ ಕಂತು ಕಟ್ಟಿದವರಿಗೂ ಸ್ವಲ್ಪವಾದರೂ ಮರಳುವಂತೆ ಆ ವರ್ಷದ ಅಕ್ಟೋಬರಿನಿಂದ ನಿಯಮ ಬದಲಾಗಿದೆ. ಆದುದರಿಂದ ಹೊಸದಾಗಿ ರುಜು ಹಾಕಿದವರು ತಡಮಾಡದೆ ಮೊದಲ ಭಾನುವಾರವೇ ಬರುವುದು ಒಳ್ಳೆಯದು.

ಬರುವಾಗ ರಶೀದಿಯನ್ನಷ್ಟೇ ತರದೆ ಪಾಲಿಸಿಯ ಪೂರ್ತಿ ಪುಸ್ತಕವನ್ನು ತನ್ನಿರಿ. ಗಾರೆ ಕೆಲಸದ ಬಂಧುಗಳಿಗೆ ಹೇಳುವವರು ಪಾಸ್‌ಬುಕ್ಕನ್ನು ಮುದ್ರಿಸಿಕೊಂಡು ಬರುವಂತೆ ಹೇಳಿರಿ. ದಂಪತಿಗಳು ಇಬ್ಬರೂ ಕೂಡಿ ಬಂದರೆ ಇನ್ನೂ ಸಂತೋಷ. ಕನ್ನಡಕ ಮರೆಯಬೇಡಿರಿ, ಅಕ್ಷರ ಬಹಳ ಸಣ್ಣದಾಗಿರುತ್ತದೆ.